ಕೈ ಎತ್ತಿದ್ದು ಯಾವಾಗ, ಬಾಯಿ ಬಿಟ್ಟಿದ್ದು ಎಲ್ಲಿ: ಮಾಜಿ ಶಾಸಕರ ಲೆಕ್ಕ ಓದುವ ಬಗೆ

ಕೊಪ್ಪಳದಿಂದ ಗಂಗಾವತಿಗೆ ಹೋಗುವ ದಾರಿಯ ಒಂದು ಕ್ರಾಸಿನಲ್ಲಿ ಬಸ್ ತಂಗುದಾಣವೊಂದಿದೆ. ಅದರ ನೆತ್ತಿಯ ಮೇಲೆ ಮಾಜಿ ಶಾಸಕರೊಬ್ಬರ ಹೆಸರು ಕೆಂಪು ಬಣ್ಣದಲ್ಲಿ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದ ಗೋಡೆಗೆ ಹೊಡೆದಿರುವ ಕಾಮಗಾರಿ ಫಲಕದಲ್ಲಿ ಮಾತ್ರ ‘ಅಂದಾಜು ಮೊತ್ತ’ ಎಂಬ ಸಾಲಿನ ಮುಂದಿದ್ದ ಅಂಕಿಗಳು ತುಕ್ಕು ಹಿಡಿದು ಉದುರಿವೆ. ‘ಪೂರ್ಣಗೊಂಡ ದಿನಾಂಕ’ ಎಂಬುದರ ಮೇಲೆ ಗವಿಮಠದ ಜಾತ್ರೆಯ ಪೋಸ್ಟರ್ ಅಂಟಿದೆ. ಅಲ್ಲಿಯೇ ಎದುರಿಗಿರುವ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕುಳಿತ ಇಬ್ಬರು ಹಿರಿಯರು ಒಂದು ಮುಂಜಾನೆ ಇದೇ ಮಾಜಿ ಶಾಸಕರನ್ನು ಕುರಿತು ವಾದಿಸುತ್ತಿದ್ದರು. “ಸಾಹೇಬ್ರು ಸದನದಾಗ ನಿಂತ್ರ ಮಂತ್ರಿಗೋಳು ಬೆವರ್ತಿದ್ರಪಾ” ಎಂದು ಒಬ್ಬರು. “ಬೆವರಿದ್ರ ನಮಗೇನ್ ಬಂತು ಯಪ್ಪಾ, ಅನುದಾನ ಎಲ್ಲಿ ಹೋತು ಅದನ್ನ ಹೇಳು” ಎಂದು ಇನ್ನೊಬ್ಬರು. ಇಬ್ಬರ ಮಾತಿಗೂ ಆಧಾರವಾಗಿ ಇದ್ದದ್ದು ಮೊಬೈಲಿನಲ್ಲಿ ಬಂದ ಅರ್ಧ ನಿಮಿಷದ ಒಂದು ವಿಡಿಯೊ ಮತ್ತು ಎದುರಿನ ತುಕ್ಕು ಹಿಡಿದ ಫಲಕ.

ಈ ವಾದವನ್ನು ಕಾಗದದ ಮೇಲೆ ತೀರ್ಮಾನಿಸಬಹುದೇ ಎಂಬುದು ಈ ಲೇಖನದ ಪ್ರಶ್ನೆ. ಹಾಲಿ ಶಾಸಕರ ಲೆಕ್ಕ ಇನ್ನೂ ಬರೆಯುತ್ತಿರುವ ಖಾತೆ. ಅದರ ಮೊತ್ತ ಹಾಕಲು ಬರುವುದಿಲ್ಲ. ಮಾಜಿ ಶಾಸಕರದು ಮುಚ್ಚಿದ ಖಾತೆ. ಅವರು ಯಾವ ವಿಧೇಯಕಕ್ಕೆ ಕೈ ಎತ್ತಿದರು, ಯಾವ ವಿಷಯಕ್ಕೆ ಬಾಯಿ ಬಿಟ್ಟರು, ಅವರ ಹೆಸರಿನಲ್ಲಿ ಸರ್ಕಾರದ ಹಣ ಎಷ್ಟು ಹೋಯಿತು ಎಂಬ ಮೂರನ್ನೂ ಒಟ್ಟಿಗೆ ಇಟ್ಟು ನೋಡಬಹುದು. ಆದರೆ ಈ ಮೂರು ಖಾತೆಗಳು ಮೂರು ಬೇರೆ ಬೇರೆ ಕಡೆ ಇವೆ, ಮತ್ತು ಮೂರಕ್ಕೂ ಒಂದೇ ಬೆಲೆಯಿಲ್ಲ. ಮೊದಲನೆಯದು ಬಹುಮಟ್ಟಿಗೆ ಖಾಲಿ. ಎರಡನೆಯದು ತುಂಬಿ ತುಳುಕುತ್ತಿದ್ದರೂ ಓದುವವರಿಲ್ಲ. ಮೂರನೆಯದನ್ನು ಎಲ್ಲರೂ ಓದುತ್ತಾರೆ, ಆದರೆ ತಪ್ಪಾಗಿ ಓದುತ್ತಾರೆ.

ಮತ: ಹೆಸರಿಲ್ಲದ ‘ಹೌದು’

ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಮತ ವಿಭಜನೆ ನಡೆದಾಗಲೆಲ್ಲ ಯಾವ ಸದಸ್ಯ ಯಾವ ಕಡೆ ಹೋದ ಎಂಬುದು ಹೆಸರುಸಹಿತ ಪ್ರಕಟವಾಗುತ್ತದೆ. ಅಲ್ಲಿಯ ಮತದಾರ ತನ್ನ ಪ್ರತಿನಿಧಿಯ ಮತದ ದಾಖಲೆಯನ್ನು ವರ್ಷದ ಲೆಕ್ಕದಲ್ಲಿ ಎಣಿಸಬಲ್ಲ. ನಮ್ಮ ವಿಧಾನಸಭೆಯಲ್ಲಿ ಈ ಅನುಕೂಲ ಇಲ್ಲ. ಸಂವಿಧಾನದ 189ನೇ ವಿಧಿ ಹಾಜರಿದ್ದು ಮತ ನೀಡುವವರ ಬಹುಮತದಿಂದ ತೀರ್ಮಾನವಾಗಬೇಕು ಎನ್ನುತ್ತದೆ. ಆ ಬಹುಮತವನ್ನು ತಿಳಿಯುವ ದಿನನಿತ್ಯದ ದಾರಿ ಧ್ವನಿಮತ. ಸಭಾಧ್ಯಕ್ಷರು ಪ್ರಸ್ತಾವವನ್ನು ಮತಕ್ಕೆ ಹಾಕುತ್ತಾರೆ, ಒಂದು ಕಡೆಯಿಂದ ‘ಹೌದು’ ಎಂಬ ಧ್ವನಿ ಏಳುತ್ತದೆ, ಇನ್ನೊಂದು ಕಡೆಯಿಂದ ‘ಇಲ್ಲ’ ಎಂಬ ಧ್ವನಿ ಏಳಬಹುದು ಅಥವಾ ಏಳದಿರಬಹುದು, ಪ್ರಸ್ತಾವ ಅಂಗೀಕಾರವಾಯಿತು ಎಂದು ಘೋಷಣೆಯಾಗುತ್ತದೆ. ನಡವಳಿಯ ಪುಸ್ತಕದಲ್ಲಿ ಉಳಿಯುವುದು ಆ ಒಂದು ಸಾಲು. 224 ಸದಸ್ಯರ ಸಭೆಯಲ್ಲಿ ಕುಷ್ಟಗಿಯ ಶಾಸಕರು ‘ಹೌದು’ ಎಂದರೋ, ಸಿಂಧನೂರಿನವರು ಸುಮ್ಮನಿದ್ದರೋ, ಸಿರುಗುಪ್ಪದವರು ಆ ಹೊತ್ತಿಗೆ ಕ್ಯಾಂಟೀನಿನಲ್ಲಿದ್ದರೋ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ.

2025ರ ಮಾರ್ಚ್ 21ರಂದು ನಡೆದದ್ದು ಇದಕ್ಕೆ ಹತ್ತಿರದ ಉದಾಹರಣೆ. ಶಾಸಕರ ಸಂಬಳವನ್ನು ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯವರದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಮಾಜಿ ಶಾಸಕರ ಪಿಂಚಣಿಯನ್ನು 50 ಸಾವಿರದಿಂದ 75 ಸಾವಿರಕ್ಕೆ ಏರಿಸುವ ವಿಧೇಯಕಗಳು ಅಂದು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾದವು. ಅದೇ ದಿನ ವಿರೋಧ ಪಕ್ಷದ 18 ಶಾಸಕರು ಆರು ತಿಂಗಳಿಗೆಂದು ಅಮಾನತಾದರು. ಸಭಾಧ್ಯಕ್ಷರ ಪೀಠದ ಮುಂದೆ ಕಾಗದ ಹರಿದು ಹಾರಿಸಿದ್ದು ಎಲ್ಲ ವಾಹಿನಿಗಳಲ್ಲಿ ಬಂತು. ಸಂಬಳ ಏರಿಕೆಗೆ ಯಾರು ‘ಇಲ್ಲ’ ಎಂದರು ಎಂಬುದು ಎಲ್ಲಿಯೂ ಬರಲಿಲ್ಲ, ಏಕೆಂದರೆ ಧ್ವನಿಮತದಲ್ಲಿ ಹಾಗೆ ಬರುವ ವ್ಯವಸ್ಥೆಯೇ ಇಲ್ಲ. ಮುಂದೆ ಯಾರಾದರೂ ಚುನಾವಣಾ ಸಭೆಯಲ್ಲಿ “ನಾನು ಸಂಬಳ ಏರಿಕೆಯನ್ನು ವಿರೋಧಿಸಿದ್ದೆ” ಎಂದರೆ ಅದನ್ನು ಸುಳ್ಳೆಂದೂ ನಿಜವೆಂದೂ ಮತದ ದಾಖಲೆಯಿಂದ ಸಾಧಿಸಲು ಬರುವುದಿಲ್ಲ. ಏರಿದ ಸಂಬಳವನ್ನು ತೆಗೆದುಕೊಂಡರೇ ಎಂದು ಕೇಳಬಹುದು. ಅದಕ್ಕೆ ಮಾತ್ರ ಉತ್ತರ ಸಿಗುತ್ತದೆ.

ಧ್ವನಿಮತ ಸಾಲದು ಎಂದು ಸದಸ್ಯರು ಪಟ್ಟು ಹಿಡಿದಾಗ ಮತ ವಿಭಜನೆ ನಡೆಯುತ್ತದೆ, ಸಾಲುಸಾಲಾಗಿ ಎದ್ದು ನಿಂತವರನ್ನು ಎಣಿಸಲಾಗುತ್ತದೆ. ಇದು ಹೆಚ್ಚಾಗಿ ಕಾಣಿಸುವುದು ವಿಶ್ವಾಸಮತದ ದಿನ. 2010ರ ಅಕ್ಟೋಬರ್ 11ರಂದು ಬಿ.ಎಸ್. ಯಡಿಯೂರಪ್ಪನವರ ಸರ್ಕಾರ ಧ್ವನಿಮತದಿಂದ ವಿಶ್ವಾಸ ಗೆದ್ದಿತೆಂದು ಘೋಷಣೆಯಾಯಿತು. ಅದಕ್ಕೆ ಬೆಲೆ ಸಿಗದೆ, ಮೂರು ದಿನಗಳ ನಂತರ ಮತ್ತೊಮ್ಮೆ ಎಣಿಸಬೇಕಾಯಿತು, 106ಕ್ಕೆ 100ರಂತೆ ಸರ್ಕಾರ ಉಳಿಯಿತು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರಕ್ಕೆ 99, ವಿರುದ್ಧ 105 ಮತಗಳು ಬಿದ್ದವು. ಸರಿಸುಮಾರು ಇಂತಹ ದಿನಗಳಲ್ಲಿಯೇ ನಮ್ಮ ಭಾಗದ ಶಾಸಕರ ಮತದ ದಾಖಲೆ ನಿಜವಾಗಿ ಏನನ್ನಾದರೂ ಹೇಳುವುದು. ಆದರೆ ಆ ದಿನಗಳ ದಾಖಲೆಯನ್ನೂ ಕಣ್ಣು ಮುಚ್ಚಿ ಓದುವಂತಿಲ್ಲ.

ಕನಕಗಿರಿ ಮತ್ತು ಮಸ್ಕಿಯನ್ನು ಅಕ್ಕಪಕ್ಕ ಇಟ್ಟು ನೋಡಿ. 2010ರ ಅಕ್ಟೋಬರ್‌ನ ಎರಡೂ ಮತಗಳಲ್ಲಿ ಕನಕಗಿರಿಯ ಪಕ್ಷೇತರ ಶಾಸಕರಾಗಿದ್ದ ಶಿವರಾಜ ತಂಗಡಗಿಯವರ ಎಣಿಕೆಯಿಲ್ಲ. 2019ರ ಜುಲೈನ ಮತದಲ್ಲಿ ಮಸ್ಕಿಯ ಶಾಸಕರಾಗಿದ್ದ ಪ್ರತಾಪಗೌಡ ಪಾಟೀಲರ ಎಣಿಕೆಯಿಲ್ಲ. ದಾಖಲೆಯಲ್ಲಿ ಎರಡೂ ಒಂದೇ ಬಗೆಯ ಖಾಲಿ ಜಾಗ. ಮೊದಲನೆಯದು, ಮತಕ್ಕೆ ಮುನ್ನವೇ ಅಂದಿನ ಸಭಾಧ್ಯಕ್ಷ ಕೆ.ಜಿ. ಬೋಪಯ್ಯನವರು 16 ಶಾಸಕರನ್ನು ಅನರ್ಹಗೊಳಿಸಿದ್ದರಿಂದ ಆದದ್ದು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಿನಲ್ಲಿ ಆ ಅನರ್ಹತೆಯನ್ನು ರದ್ದುಪಡಿಸಿತು. ಅಂದರೆ ಮತ ಹಾಕುವ ಹಕ್ಕಿದ್ದ ಸದಸ್ಯರನ್ನು ಹೊರಗಿಟ್ಟು ಮಾಡಿದ ಎಣಿಕೆ ಅದು. ಎರಡನೆಯದು ಸದಸ್ಯರು ತಾವೇ ರಾಜೀನಾಮೆ ಬರೆದುಕೊಟ್ಟು ಸದನದಿಂದ ದೂರ ಉಳಿದದ್ದು. ಅಂದಿನ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅವರು 17 ಜನರನ್ನು ಅನರ್ಹಗೊಳಿಸಿದ್ದನ್ನು ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ಎತ್ತಿಹಿಡಿಯಿತು, ಆದರೆ ಸಭೆಯ ಅವಧಿ ಮುಗಿಯುವವರೆಗೂ ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ಒಪ್ಪಲಿಲ್ಲ. ಗೈರುಹಾಜರಿಯ ಪಟ್ಟಿಯನ್ನು ಮಾತ್ರ ನೋಡಿದವರಿಗೆ ಇಬ್ಬರೂ ಒಂದೇ ತಪ್ಪು ಮಾಡಿದಂತೆ ಕಾಣಿಸುತ್ತದೆ.

ಮಸ್ಕಿಯ ಕತೆಗೆ ಇನ್ನೊಂದು ಮಗ್ಗುಲಿದೆ, ಅದು ಸರ್ಕಾರ ಬಿದ್ದದ್ದಕ್ಕಿಂತ ರೈತರಿಗೆ ಹತ್ತಿರದ್ದು. 2018ರಲ್ಲಿ ಅಲ್ಲಿಯ ಗೆಲುವಿನ ಅಂತರ 213 ಮತ. ಆ ಚುನಾವಣೆಯ ಬಗ್ಗೆ ಹೈಕೋರ್ಟಿನಲ್ಲಿದ್ದ ತಕರಾರಿನಿಂದಾಗಿ ಉಪಚುನಾವಣೆ ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ 2021ರ ಏಪ್ರಿಲ್ 17ರಂದು ನಡೆಯಿತು. ಅಷ್ಟರಲ್ಲಿ ಅಭ್ಯರ್ಥಿಗಳಿಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡಿದ್ದರು; ಬಸನಗೌಡ ತುರವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಈ ಇಪ್ಪತ್ತೊಂದು ತಿಂಗಳಷ್ಟು ಕಾಲ ಮಸ್ಕಿಗೆ ಶಾಸಕರೇ ಇರಲಿಲ್ಲ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿಕೊಟ್ಟ 2020ರ ಭೂ ಸುಧಾರಣಾ ತಿದ್ದುಪಡಿ ಈ ನಡುವೆಯೇ ಸದನದ ಮುಂದೆ ಬಂತು. ಹೊಲವೇ ಬದುಕಾಗಿರುವ ಕ್ಷೇತ್ರವೊಂದಕ್ಕೆ ಹೊಲದ ಕಾನೂನಿನ ಮೇಲೆ ‘ಹೌದು’ ಎನ್ನುವವರೂ ಇರಲಿಲ್ಲ, ‘ಇಲ್ಲ’ ಎನ್ನುವವರೂ ಇರಲಿಲ್ಲ. ಮತದ ದಾಖಲೆಯಲ್ಲಿ ನಾನು ಎಲ್ಲಕ್ಕಿಂತ ಭಾರವಾದದ್ದೆಂದು ಎಣಿಸುವುದು ಇಂತಹ ಖಾಲಿ ಕುರ್ಚಿಯನ್ನು.

ಉಳಿದ ದಿನಗಳ ಮತ ಶಾಸಕರದ್ದಲ್ಲ, ಪಕ್ಷದ್ದು. ಪಕ್ಷಾಂತರ ತಡೆಯಲು ಸಂವಿಧಾನದ 1985ರ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದರೆ ಅಥವಾ ಅನುಮತಿಯಿಲ್ಲದೆ ಗೈರಾದರೆ, ಪಕ್ಷ ಹದಿನೈದು ದಿನಗಳೊಳಗೆ ಮನ್ನಿಸದಿದ್ದರೆ, ಸದಸ್ಯತ್ವ ಹೋಗುತ್ತದೆ. ಆದ್ದರಿಂದ “ಈ ಕರಾಳ ಕಾನೂನಿಗೆ ನಮ್ಮ ಶಾಸಕರೇ ಕೈ ಎತ್ತಿದರು” ಎಂಬ ಬೈಗುಳಕ್ಕೂ, “ಈ ಮಹತ್ವದ ಕಾನೂನು ತಂದವರು ನಮ್ಮ ಸಾಹೇಬರೇ” ಎಂಬ ಹೊಗಳಿಕೆಗೂ ಹೆಚ್ಚು ಅರ್ಥವಿಲ್ಲ. ರಾಜ್ಯಸಭೆಯ ಚುನಾವಣೆಯಲ್ಲಿ ಮಾತ್ರ ಪರಿಸ್ಥಿತಿ ಬೇರೆ: 2003ರಿಂದ ಅಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು, ಆದರೂ ಅಡ್ಡಮತಕ್ಕೆ ಹತ್ತನೇ ಅನುಸೂಚಿಯ ಶಿಕ್ಷೆ ತಟ್ಟುವುದಿಲ್ಲ. ಹಾಗಾಗಿ ಶಾಸಕರ ಸ್ವಂತ ಇಚ್ಛೆ ಹೊರಗೆ ಕಾಣುವ ಅಪರೂಪದ ಮತ ಅದು. ಆ ಇಚ್ಛೆ ಹಣಕ್ಕೆ ಹುಟ್ಟಿದ್ದಾದರೆ ಸದನದ ವಿಶೇಷಾಧಿಕಾರ ಇನ್ನು ಕಾಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತನ್ನದೇ 1998ರ ತೀರ್ಪನ್ನು ಬದಿಗೆ ಸರಿಸಿ ಇದನ್ನು ಸ್ಪಷ್ಟಪಡಿಸಿದೆ.

ಈ ಭಾಗದಲ್ಲಿ ತಪ್ಪದೆ ಕೇಳಿಬರುವ ಇನ್ನೊಂದು ಹೆಗ್ಗಳಿಕೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಬಗ್ಗೆ. ಅದನ್ನು ತಂದವರ ಪಟ್ಟಿಯಲ್ಲಿ ಬೀದರಿನಿಂದ ಬಳ್ಳಾರಿಯವರೆಗೆ ಒಂದೂ ಮನೆ ಬಿಟ್ಟಿಲ್ಲ. 2012ರ ಮಾರ್ಚ್‌ನಲ್ಲಿ ರಾಜ್ಯದ ಎರಡೂ ಸದನಗಳು ಬೆಂಬಲದ ನಿರ್ಣಯ ಕೈಗೊಂಡದ್ದು ನಿಜ. ಆದರೆ 98ನೇ ತಿದ್ದುಪಡಿಗೆ ಮತ ಬಿದ್ದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿಯ ಸಂಸತ್ತಿನಲ್ಲಿ. ಅಂದಿನ ಶಾಸಕರ ಪಾಲು ಎಷ್ಟಿತ್ತೆಂದು ತಿಳಿಯಬೇಕಾದರೆ ಆ ನಿರ್ಣಯದ ದಿನದ ನಡವಳಿ ತೆಗೆದು, ಅವರು ಎದ್ದು ನಿಂತು ಮಾತನಾಡಿದ್ದರೇ ಎಂದು ನೋಡಬೇಕಾಗುತ್ತದೆ.

ಮಾತು: (ಅ), (ಆ), (ಇ)

ಮತದಲ್ಲಿ ಸಿಗದ ಶಾಸಕ ಮಾತಿನಲ್ಲಿ ಸಿಗುತ್ತಾನೆ, ಏಕೆಂದರೆ ಪ್ರಶ್ನೆ ಕೇಳಲು ವಿಪ್ ಇಲ್ಲ. ಯಾವ ಪಕ್ಷವೂ ತನ್ನ ಶಾಸಕರಿಗೆ ಕ್ಷೇತ್ರದ ಕಾಲುವೆಯ ಬಗ್ಗೆ ಕೇಳಬೇಡ ಎನ್ನುವುದಿಲ್ಲ. ಅವಕಾಶಗಳೂ ಹಲವು: ಸದನದಲ್ಲಿ ಬಾಯಿಮಾತಿನ ಉತ್ತರ ಬರುವ ಚುಕ್ಕೆ ಗುರುತಿನ ಪ್ರಶ್ನೆ, ಲಿಖಿತ ಉತ್ತರ ಬರುವ ಚುಕ್ಕೆ ರಹಿತ ಪ್ರಶ್ನೆ, ಶೂನ್ಯ ವೇಳೆ, ನಿಯಮ 73ರ ಗಮನ ಸೆಳೆಯುವ ಸೂಚನೆ, ನಿಯಮ 69ರ ಚರ್ಚೆ, ನಿಯಮ 351ರ ಸೂಚನೆ. ಅವಕಾಶಕ್ಕೆ ದಿನಗಳೇ ಸಾಲವು ಎಂಬುದು ಬೇರೆ ಮಾತು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ರಾಜ್ಯ ತಾನೇ ಕಾನೂನು ಮಾಡಿಕೊಂಡಿದೆ. ಅದನ್ನು ಪಾಲಿಸದ ವರ್ಷಗಳೇ ಹೆಚ್ಚು. ಬೆಳಗಾವಿಯ ಅಧಿವೇಶನದ ಎರಡು ವಾರಗಳಲ್ಲಿ ‘ಉತ್ತರ ಕರ್ನಾಟಕದ ಸಮಸ್ಯೆ’ ಎಂಬ ತಲೆಬರಹದ ಕೆಳಗೆ ಇಡೀ ಅರ್ಧ ರಾಜ್ಯವನ್ನು ಕೊನೆಯ ಎರಡು ದಿನಗಳಿಗೆ ತುರುಕುವುದನ್ನು ನೋಡಿದವರಿಗೆ, ಸಿಕ್ಕ ಸಮಯವನ್ನು ಶಾಸಕರು ಹೇಗೆ ಬಳಸಿದರು ಎಂಬುದೇ ಮುಖ್ಯವಾಗಿ ಕಾಣುತ್ತದೆ.

ಲಿಖಿತ ಪ್ರಶ್ನೋತ್ತರದ ಹಾಳೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ರೂಪ ತಿಳಿಯುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಒಂದು ಗೆರೆ. ಪ್ರಶ್ನೆ (ಅ), (ಆ), (ಇ) ಎಂದು ಒಡೆದಿರುತ್ತದೆ. “(ಅ) ಇಂತಹ ಊರಿನಲ್ಲಿ ಇಂತಹ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು, (ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು?” ಬಲಗಡೆ ಮೊದಲನೆಯದಕ್ಕೆ ‘ಬಂದಿದೆ’ ಎಂಬ ಒಂದೇ ಪದ, ಎರಡನೆಯದಕ್ಕೆ ‘ಪ್ರಸ್ತಾವನೆ ಪರಿಶೀಲನೆಯಲ್ಲಿದೆ’, ಮೂರನೆಯದಕ್ಕೆ ‘ಅನುದಾನದ ಲಭ್ಯತೆಗನುಗುಣವಾಗಿ’. ಸರ್ಕಾರ ‘ಬಂದಿಲ್ಲ’ ಎಂದುಬಿಟ್ಟರಂತೂ ಮುಂದಿನ ಎರಡಕ್ಕೂ ‘ಉದ್ಭವಿಸುವುದಿಲ್ಲ’ ಎಂದು ಬರೆದು ಮುಗಿಸಬಹುದು. ಪ್ರಶ್ನೆ ಕೇಳಿದ ಸಂಖ್ಯೆಯನ್ನು ಮಾತ್ರ ಎಣಿಸಿ ಶಾಸಕರಿಗೆ ಅಂಕ ಕೊಡುವವರು ಈ ಹಾಳೆಯನ್ನು ಓದುವುದಿಲ್ಲ. ಪಿಎ ಬರೆದುಕೊಟ್ಟ ಒಂದೇ ಅಚ್ಚಿನ ಪ್ರಶ್ನೆಯನ್ನು ಹತ್ತು ಇಲಾಖೆಗಳಿಗೆ ಕಳುಹಿಸಿದರೂ ಲೆಕ್ಕಕ್ಕೆ ಹತ್ತು ಪ್ರಶ್ನೆ; ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವನ್ನು ಹಿಡಿದುಕೊಂಡು ಮುಂದಿನ ಅಧಿವೇಶನದಲ್ಲಿ ಅದೇ ಕಡತದ ಸಂಖ್ಯೆ ಹೇಳಿ ಮತ್ತೆ ಕೇಳಿದರೆ ಲೆಕ್ಕಕ್ಕೆ ಎರಡೇ. ನಾನಾದರೆ ಆ ಎರಡಕ್ಕೆ ಹೆಚ್ಚು ಅಂಕ ಕೊಡುತ್ತೇನೆ.

ತುಂಗಭದ್ರಾ ಜಲಾಶಯ ಇದಕ್ಕೆ ಒಳ್ಳೆಯ ಒರೆಗಲ್ಲು. 2024ರ ಆಗಸ್ಟ್ 10ರ ರಾತ್ರಿ ಮುನಿರಾಬಾದಿನ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ (ತಾತ್ಕಾಲಿಕ ಅಡ್ಡಗೇಟು) ಇಳಿಸಿ ನೀರು ನಿಲ್ಲಿಸಿದರು. ಆ ವಾರದಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳ ಹಾಲಿ-ಮಾಜಿಗಳೆಲ್ಲರೂ ಅಣೆಕಟ್ಟಿನ ಮೇಲೆ ನಿಂತು “ನಾನು ಮೊದಲೇ ಎಚ್ಚರಿಸಿದ್ದೆ” ಎಂದವರೇ. ಈ ಮಾತನ್ನು ಪರೀಕ್ಷಿಸುವುದು ಕಷ್ಟವಲ್ಲ. ಗೇಟುಗಳ ವಯಸ್ಸು, ಸರಪಳಿಯ ನಿರ್ವಹಣೆ, ತುಂಗಭದ್ರಾ ಮಂಡಳಿಗೆ ರಾಜ್ಯ ಬರೆದ ಪತ್ರ ಇವುಗಳ ಬಗ್ಗೆ 2024ರ ಆಗಸ್ಟ್‌ಗೆ ಮೊದಲು ಯಾರ ಹೆಸರಿನಲ್ಲಿ ಪ್ರಶ್ನೆಯಿದೆ ಎಂದು ಸದನದ ಜಾಲತಾಣದಲ್ಲಿ ಹುಡುಕಿದರಾಯಿತು. ಹೂಳು ತುಂಬಿ 133 ಟಿಎಂಸಿಯ ಜಲಾಶಯ 105ರ ಆಸುಪಾಸಿಗೆ ಇಳಿದದ್ದನ್ನೂ, ಅದಕ್ಕೆ ಪರಿಹಾರವೆಂದು ಹೇಳುವ ನವಲಿಯ ಸಮಾನಾಂತರ ಜಲಾಶಯವನ್ನೂ ಕುರಿತು ಪ್ರಶ್ನೆಗಳು ಸಿಗುತ್ತವೆ, ಅವು ಭಾಷಣಕ್ಕೆ ಒಗ್ಗುವ ವಿಷಯ. ಗ್ರೀಸು, ಸರಪಳಿ, ವೆಲ್ಡಿಂಗು ಭಾಷಣಕ್ಕೆ ಒಗ್ಗುವುದಿಲ್ಲ. ಮಂಡಳಿ ಕೇಂದ್ರದ ವ್ಯವಸ್ಥೆಯಾದ್ದರಿಂದ ‘ಇದು ಮಂಡಳಿಯ ವ್ಯಾಪ್ತಿಗೆ ಬರುತ್ತದೆ’ ಎಂದು ರಾಜ್ಯದ ಮಂತ್ರಿಗಳು ಜಾರಿಕೊಳ್ಳಲು ದಾರಿಯಿದೆ ಎಂಬುದು ನಿಜ; ಹಾಗೆ ಜಾರಿಕೊಂಡ ಉತ್ತರವೂ ಕಾಗದದ ಮೇಲಿದ್ದರೆ ಕೇಳಿದವರ ಶ್ರಮ ಅಲ್ಲಿ ಉಳಿಯುತ್ತದೆ.

ಮಾತಿನ ದಾಖಲೆಯನ್ನು ಓದುವಾಗ ಅನ್ಯಾಯ ಮಾಡದಿರಲು ಒಂದೆರಡು ಸಂಗತಿ ನೆನಪಿಡಬೇಕು. ಮಂತ್ರಿಯಾಗಿದ್ದವರು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಐದು ವರ್ಷದಲ್ಲಿ ಎರಡು ವರ್ಷ ಮಂತ್ರಿಯಾಗಿದ್ದವರ ಪ್ರಶ್ನೆಗಳ ಪಟ್ಟಿ ಬಡವಾಗಿ ಕಂಡರೆ ಅದು ಮೌನವಲ್ಲ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲೋ ಭರವಸೆಗಳ ಸಮಿತಿಯಲ್ಲೋ ಕುಳಿತು ಅಧಿಕಾರಿಗಳನ್ನು ಕೆದಕಿ ಕೇಳಿದ ಮಾತು ಟಿವಿಯಲ್ಲಿ ಬರುವುದಿಲ್ಲ. ಇನ್ನೊಂದು ಕಡೆ, ಮೊಬೈಲಿನಲ್ಲಿ ಗುಡುಗುವ ಅರ್ಧ ನಿಮಿಷದ ವಿಡಿಯೊದಲ್ಲಿರುವ ಮಾತನ್ನು ಅದೇ ದಿನ ಪೀಠವು ಕಡತದಿಂದ ತೆಗೆಸಿರಬಹುದು. ಆಗ ನಡವಳಿಯಲ್ಲಿ ಆ ಗುಡುಗಿನ ಜಾಗದಲ್ಲಿ ಏನೂ ಇರುವುದಿಲ್ಲ. ವಿಡಿಯೊದಲ್ಲಿ ಇಲ್ಲದ್ದು ಮಂತ್ರಿಯ ಉತ್ತರ. ಮಿರ್ಚಿ ಅಂಗಡಿಯಲ್ಲಿ ನನಗೆ ತೋರಿಸಿದ ವಿಡಿಯೊ ಸರಿಯಾಗಿ ಮಂತ್ರಿಗಳು ಎದ್ದು ನಿಲ್ಲುವ ಹೊತ್ತಿಗೆ ಮುಗಿದಿತ್ತು. ಬೆವರಿದರೋ ಇಲ್ಲವೋ ನೋಡಲು ಅವಕಾಶವಿರಲಿಲ್ಲ.

ಹಣ: ಒಂದೇ ಹೆಸರು, ನಾಲ್ಕು ಚೀಲ

“ಶಾಸಕರು ಎಷ್ಟು ಖರ್ಚು ಮಾಡಿದರು” ಎಂಬ ಪ್ರಶ್ನೆಯೊಳಗೆ ಕನಿಷ್ಠ ನಾಲ್ಕು ಪ್ರಶ್ನೆಗಳಿವೆ. ಮೊದಲನೆಯ ಚೀಲ ಅವರ ಸ್ವಂತದ್ದು: ಸಂಬಳ, ಕ್ಷೇತ್ರ ಭತ್ಯೆ, ಪ್ರಯಾಣ ಭತ್ಯೆ, ದಿನಭತ್ಯೆ, ದೂರವಾಣಿ, ವೈದ್ಯಕೀಯ ವೆಚ್ಚದ ಮರುಪಾವತಿ. 1956ರ ಕಾನೂನಿನಡಿ ಬರುವ ಇವುಗಳ ಲೆಕ್ಕ ಬೆಂಗಳೂರಿನ ವಿಧಾನಸಭೆ ಸಚಿವಾಲಯದಲ್ಲಿರುತ್ತದೆ. ಸಂಬಳ ಎಲ್ಲರಿಗೂ ಒಂದೇ, ಅದನ್ನು ಹಿಡಿದುಕೊಂಡು ಒಬ್ಬರನ್ನು ಹೊಗಳುವುದೂ ಬೈಯುವುದೂ ವ್ಯರ್ಥ. ವ್ಯತ್ಯಾಸ ಕಾಣುವುದು ಪ್ರಯಾಣ ಮತ್ತು ಸಮಿತಿಗಳ ಸಭೆಯ ಭತ್ಯೆಯಲ್ಲಿ. ಆದರೆ ರಾಯಚೂರಿನಿಂದ ಬೆಂಗಳೂರಿಗೆ ಬರುವವರ ಪ್ರಯಾಣ ಭತ್ಯೆ ರಾಮನಗರದವರಿಗಿಂತ ಹೆಚ್ಚಿರಲೇಬೇಕು. ದೂರದ ಊರಿನ ಶಾಸಕರನ್ನು ‘ಅತಿ ದುಬಾರಿ’ ಎಂದು ಬರೆಯುವ ಪಟ್ಟಿಗಳು ನಕ್ಷೆಯನ್ನು ನೋಡಿರುವುದಿಲ್ಲ. ಈ ಭತ್ಯೆಯನ್ನು ಸಮಿತಿ ಸಭೆಗಳ ಹಾಜರಿಯ ಜೊತೆಗಿಟ್ಟು ನೋಡಿದರೆ ಮಾತ್ರ ಅದಕ್ಕೆ ಬಾಯಿ ಬರುತ್ತದೆ.

ಎರಡನೆಯದು ಎಲ್ಲರೂ ಕೇಳಿರುವ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ, ಪೂರ್ತಿ ಅವಧಿಗೆ 10 ಕೋಟಿ. ಇದು ಶಾಸಕರ ಕೈಗೆ ಬರುವ ಹಣ ಎಂಬ ನಂಬಿಕೆ ಊರೂರಲ್ಲಿದೆ. ಹಾಗಲ್ಲ. ಶಾಸಕರು ಪತ್ರ ಬರೆದು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ. ಜಿಲ್ಲಾಧಿಕಾರಿಗಳು ಮಂಜೂರು ಮಾಡಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೋ, ನಿರ್ಮಿತಿ ಕೇಂದ್ರಕ್ಕೋ, ಜನ ಇನ್ನೂ ‘ಭೂಸೇನೆ’ ಎಂದೇ ಕರೆಯುವ ಕೆಆರ್‌ಐಡಿಎಲ್‌ಗೋ ವಹಿಸುತ್ತಾರೆ. ಹಣ ಉಳಿಯಿತೆಂದರೆ ಶಾಸಕರು ಪತ್ರ ಬರೆಯದೇ ಇದ್ದದ್ದು ಕಾರಣವಾಗಿರಬಹುದು. ಜಾಗದ ತಕರಾರು, ಅಂದಾಜುಪಟ್ಟಿಯ ವಿಳಂಬ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಬರದೇ ಹೊಸ ಕಂತು ನಿಂತದ್ದೂ ಕಾರಣವಾಗಿರಬಹುದು. ಆದ್ದರಿಂದ ಕೇಳಬೇಕಾದದ್ದು ಖರ್ಚಾದ ಮೊತ್ತವನ್ನಲ್ಲ, ದಿನಾಂಕಗಳನ್ನು: ಶಿಫಾರಸು ಪತ್ರದ ದಿನಾಂಕ, ಮಂಜೂರಾತಿಯ ದಿನಾಂಕ, ಪೂರ್ಣಗೊಂಡ ದಿನಾಂಕ. ಅವಧಿಯ ಐದನೇ ವರ್ಷದ ಕೊನೆಯ ತಿಂಗಳುಗಳಲ್ಲಿ ಪತ್ರಗಳು ರಾಶಿ ಬಿದ್ದಿದ್ದರೆ, ಮೊದಲ ಮೂರು ವರ್ಷ ಆ ಹಣ ಯಾರಿಗಾಗಿ ಕಾದಿತ್ತು ಎಂಬುದು ತಾನೇ ತಿಳಿಯುತ್ತದೆ. ಜೊತೆಗೆ ಯಾವ ಬಗೆಯ ಕಾಮಗಾರಿ ಎಂಬುದನ್ನೂ ನೋಡಬೇಕು. ಸಮುದಾಯ ಭವನಗಳ ಬಗ್ಗೆ ನನಗೆ ಅನುಮಾನ ಹೆಚ್ಚು. ಅವು ಊರಿನದ್ದಾಗಿ ಶುರುವಾಗಿ ಬಹುಬೇಗ ಒಂದು ಓಣಿಯದ್ದಾಗಿಬಿಡುತ್ತವೆ.

ಮೂರನೆಯ ಚೀಲ ದೊಡ್ಡದು, ಮತ್ತು ಅದು ಈ ಭಾಗಕ್ಕೇ ವಿಶೇಷವಾದದ್ದು: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ. 2023–24ರ ಬಜೆಟ್‌ನಿಂದ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿರುವ ಈ ಮಂಡಳಿಗೆ ಏಳು ಜಿಲ್ಲೆಗಳ 41 ವಿಧಾನಸಭಾ ಕ್ಷೇತ್ರಗಳು ಸೇರುತ್ತವೆ. ಎರಡು ಕೋಟಿಯ ನಿಧಿ ಅದರ ಮುಂದೆ ಚಿಲ್ಲರೆ. ರಾಜ್ಯದ 114 ಹಿಂದುಳಿದ ತಾಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು 2002ರಲ್ಲಿ ಹೇಳಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಸೂಚ್ಯಂಕವನ್ನು ಆಧರಿಸಿ ತಾಲೂಕುಗಳಿಗೆ ಪಾಲು ಬೀಳುತ್ತದೆ. ಕ್ರಿಯಾಯೋಜನೆಯಲ್ಲಿ ಯಾವ ಊರಿನ ಯಾವ ರಸ್ತೆ ಸೇರಬೇಕು ಎಂಬಲ್ಲಿ ಶಾಸಕರ ಮಾತು ನಡೆಯುತ್ತದೆ. ಘೋಷಣೆ, ಬಿಡುಗಡೆ, ವೆಚ್ಚ ಈ ಮೂರು ಅಂಕಿಗಳು ಒಂದೇ ಆಗಿರುವುದಿಲ್ಲ. ಮಾಜಿ ಶಾಸಕರ ಕರಪತ್ರಗಳಲ್ಲಿ ಅಚ್ಚಾಗುವ ‘ನೂರಾರು ಕೋಟಿ ಅನುದಾನ ತಂದಿದ್ದೇನೆ’ ಎಂಬುದು ಸಾಮಾನ್ಯವಾಗಿ ಮೊದಲನೆಯ ಅಂಕಿ. ಮುಖ್ಯಮಂತ್ರಿಗಳ ವಿಶೇಷ ಅನುದಾನ, ಲೋಕೋಪಯೋಗಿ ಇಲಾಖೆಯ ಬಜೆಟ್ ಪಟ್ಟಿಯಾದ ಅಪೆಂಡಿಕ್ಸ್-ಇ ಕಾಮಗಾರಿ ಮುಂತಾದವು ನಾಲ್ಕನೆಯ ಚೀಲ. ಅಲ್ಲಿ ಶಾಸಕರ ಪಾತ್ರ ಎಂದರೆ ಓಡಾಟ ಮತ್ತು ಒತ್ತಡ, ಅದಕ್ಕೆ ಕಾಗದ ಕಡಿಮೆ.

ಚುನಾವಣಾ ವೆಚ್ಚ ಇವೆಲ್ಲದರಿಂದ ಹೊರಗಿನದು, ಆದರೂ ಜನ ಬೆರೆಸುತ್ತಾರೆ. ವಿಧಾನಸಭೆಗೆ ಈಗಿನ ಮಿತಿ 40 ಲಕ್ಷ. ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಕೊಡಬೇಕು. ಆ ಲೆಕ್ಕವನ್ನು ನಂಬುವವರು ಊರಿನಲ್ಲಿ ನನಗೆ ಯಾರೂ ಸಿಕ್ಕಿಲ್ಲ, ಆದ್ದರಿಂದ ಅಲ್ಲಿ ಹೊತ್ತು ಕಳೆಯುವುದಿಲ್ಲ. ಅದಕ್ಕಿಂತ ಕೆಲಸಕ್ಕೆ ಬರುವುದು ಲೋಕಾಯುಕ್ತಕ್ಕೆ ಪ್ರತಿವರ್ಷ ಜೂನ್ 30ರೊಳಗೆ ಶಾಸಕರು ಕೊಡಬೇಕಾದ ಆಸ್ತಿ ವಿವರ, 1984ರ ಲೋಕಾಯುಕ್ತ ಕಾಯ್ದೆಯ 22ನೇ ಪ್ರಕರಣದ ಪ್ರಕಾರ. ಒಬ್ಬರೇ ವ್ಯಕ್ತಿ ಎರಡು ಚುನಾವಣೆಗಳಿಗೆ ಸಲ್ಲಿಸಿದ ಪ್ರಮಾಣಪತ್ರಗಳನ್ನು ಪಕ್ಕಪಕ್ಕ ಇಟ್ಟರೆ ನಡುವಿನ ಐದು ವರ್ಷದ ಬೆಳೆ ಎಷ್ಟು ಬಂತೆಂದು ತಿಳಿಯುತ್ತದೆ. ಜಮೀನಿನ ಮಾರುಕಟ್ಟೆ ಬೆಲೆ ಏರಿದ್ದರಿಂದ ಹೆಚ್ಚಿದ್ದನ್ನೂ ಹೊಸದಾಗಿ ಕೊಂಡದ್ದನ್ನೂ ಬೇರೆ ಮಾಡಿ ಓದುವ ತಾಳ್ಮೆ ಬೇಕು, ಅಷ್ಟೇ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್

ಇಷ್ಟೆಲ್ಲ ಕಾಗದಗಳಲ್ಲಿ ಪ್ರಶ್ನೋತ್ತರ ಮತ್ತು ನಡವಳಿ ಜಾಲತಾಣದಲ್ಲಿಯೇ ಸಿಗುತ್ತವೆ. ಉಳಿದದ್ದಕ್ಕೆ ಮಾಹಿತಿ ಹಕ್ಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಉತ್ತರಕ್ಕೆ 30 ದಿನ. ಈ ‘ಒಂದೇ ವಿಷಯ’ದ ಬಾಗಿಲಲ್ಲಿ ಬಹಳ ಅರ್ಜಿಗಳು ಸಾಯುತ್ತವೆ. ಬಸ್ ತಂಗುದಾಣದ ಬಗ್ಗೆ ನಾನು ಬರೆದ ಮೊದಲ ಅರ್ಜಿಯನ್ನು ಕಚೇರಿಯೊಂದು ಇಪ್ಪತ್ತೊಂಬತ್ತನೆಯ ದಿನ ಹಿಂದಿರುಗಿಸಿತು. ಮಂಜೂರಾತಿ ಆದೇಶವೂ ಬಿಲ್ಲಿನ ಪ್ರತಿಯೂ ‘ಎರಡು ವಿಷಯ’ ಎಂಬುದು ಅವರು ಕೊಟ್ಟ ಕಾರಣ. ಎರಡು ಅರ್ಜಿ, ಎರಡು ಪೋಸ್ಟಲ್ ಆರ್ಡರ್ ಹಾಕಿ ಮತ್ತೆ ಕಳುಹಿಸಿದೆ. ಇದರ ಮೇಲೆ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಬಿಗಿಯಾಗಿದೆ: ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಯಬಹುದಿತ್ತು, ಈಗ ವೈಯಕ್ತಿಕ ಎಂದರೆ ಸಾಕು. ಪ್ರಯಾಣ ಭತ್ಯೆಯನ್ನೂ ವೈದ್ಯಕೀಯ ಬಿಲ್ಲನ್ನೂ ಇದರ ಕೆಳಗೆ ತಳ್ಳುವುದು ಇನ್ನು ಸುಲಭ. ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು ಎನ್ನುವ 8(2) ಹಾಗೆಯೇ ಉಳಿದಿದೆ, ಅದನ್ನು ಅರ್ಜಿಯಲ್ಲಿಯೇ ಹೆಸರಿಸಿ ಬರೆಯುವುದು ಒಳ್ಳೆಯದು. ಕಾಮಗಾರಿಯ ಕಾಗದಕ್ಕಂತೂ ಈ ನೆಪ ತಾಗುವುದಿಲ್ಲ. ಬಸ್ ತಂಗುದಾಣಕ್ಕೆ ಖಾಸಗಿ ಬದುಕಿಲ್ಲ.

ಎರಡನೆಯ ಸಲ ಉತ್ತರ ಬಂತು. ನಾಲ್ಕು ಪುಟ. ತಂಗುದಾಣದ ಮಂಜೂರಾತಿ ಆದೇಶದ ದಿನಾಂಕ, ನೆತ್ತಿಯ ಮೇಲೆ ಹೆಸರಿರುವ ಶಾಸಕರು ಆಯ್ಕೆಯಾಗುವುದಕ್ಕೆ ಎಂಟು ತಿಂಗಳ ಮೊದಲಿನದು. ಹಣ ಅವರ ನಿಧಿಯದ್ದಲ್ಲ, ಪ್ರದೇಶಾಭಿವೃದ್ಧಿ ಮಂಡಳಿಯದ್ದು. ಅದೇ ಉತ್ತರಕ್ಕೆ ಲಗತ್ತಿಸಿದ ಪಟ್ಟಿಯಲ್ಲಿ, ಎರಡನೇ ವರ್ಷದ ಶಿಫಾರಸುಗಳ ನಡುವೆ, ಅವರ ಸಹಿಯ ಪತ್ರದಿಂದಲೇ ಆದ ಇನ್ನೊಂದು ಕೆಲಸ ಕಂಡಿತು: ಪಕ್ಕದ ಊರಿನ ಹೆಣ್ಣುಮಕ್ಕಳ ಶಾಲೆಗೆ ಶೌಚಾಲಯ ಮತ್ತು ಕಂಪೌಂಡ್ ಗೋಡೆ, ಹತ್ತು ತಿಂಗಳಲ್ಲಿ ಪೂರ್ಣ. ಹೋಗಿ ನೋಡಿದೆ, ಗೋಡೆ ಗಟ್ಟಿಯಾಗಿದೆ, ಎಲ್ಲಿಯೂ ಹೆಸರಿಲ್ಲ.

ಪುಟಗಳನ್ನು ಮಿರ್ಚಿ ಅಂಗಡಿಯ ಹಿರಿಯರಿಬ್ಬರಿಗೂ ತೋರಿಸಿದೆ. ಸಾಹೇಬರ ಕಡೆಯವರು ಮೊದಲನೆಯ ಪುಟವನ್ನು ಮಡಚಿಟ್ಟು ಮೂರನೆಯದನ್ನು ಎತ್ತಿಕೊಂಡರು. ಇನ್ನೊಬ್ಬರು ಮೂರನೆಯದನ್ನು ಬಿಟ್ಟು ಮೊದಲನೆಯದನ್ನು. ಸ್ವಲ್ಪ ಹೊತ್ತಾದ ಮೇಲೆ ಅದಲುಬದಲು ಮಾಡಿಕೊಂಡು ಓದಿದರು.

“ಸಾಲಿ ಗ್ವಾಡಿ ಯಾರೂ ನೋಡಂಗಿಲ್ಲಲ್ರೀ, ಕ್ರಾಸಿನ್ಯಾಗ ಇಲ್ಲ ಅದು” ಎಂದ ಅಂಗಡಿಯ ಹುಡುಗ, ಒಗ್ಗರಣಿಯ ತಟ್ಟೆ ಇಡುತ್ತಾ.